ಹಾರ್ನಿಗೆ ಸರಿದ ಬೆಟ್ಟ

ಒಂದು ಕಾಲದಲ್ಲಿ ಆ ಬೆಟ್ಟಸಾಲಿನಲ್ಲಿ ಕಂಡಿ ಅನ್ನುವುದೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೋಡೆ. ಜೀಪು ಓಡಿಸುವ ಹಾರ್ನಣ್ಣ ಒಂದು ಬೆಳಿಗ್ಗೆ ಅದರ ಬುಡದಲ್ಲಿ ಗಾಡಿ ನಿಲ್ಲಿಸಿ ಒಂದೇ ಒಂದು ಸಲ, ಅದೂ ಮರ್ಯಾದೆಯಿಂದಲೇ, ಹಾರ್ನ್ ಒತ್ತಿದ. ನಡುವೆ ನಿಂತಿದ್ದ ಎರಡು ಶಿಖರಗಳು ಬೆಚ್ಚಿಬಿದ್ದು, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಸರಿದು ದಾರಿ ಬಿಟ್ಟವು. ಬೆಟ್ಟ ಹತ್ತಲು ಬರುವವರು ಇವತ್ತಿಗೂ ಗಾಳಿಕಂಡಿ ಎಂದು ಕರೆಯುವುದು ಆ ಸಂದನ್ನೇ.

"ಸರಿದ ಶಿಖರ ಮತ್ತೆ ಯಾಕೆ ಕೂಡಿಕೊಳ್ಳಲಿಲ್ಲ ಭಾವ?" ಎಂದು ಗ್ಯಾರೇಜಿನ ಬಾಮೈದ ಜೀಪಿನ ಅಡಿಯಿಂದಲೇ ಕೇಳಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದ ಮಾತ್ರ.

"ನಾನು ವಾಪಸ್ ಬರೋದಿದೆ ಅಂತ ಕಾಯ್ತಾ ಇವೆ" ಎಂದ ಹಾರ್ನಣ್ಣ.

ಪಾದಗಳು ನಕ್ಕವು. ನಗುವುದಕ್ಕೆ ಪಾದಗಳಿಗೂ ಬರುತ್ತದೆ ಎಂದು ಆ ಗ್ಯಾರೇಜಿನಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಊರು ಅಂದರೆ ಬೆಟ್ಟದ ಕಾಲಡಿ ಸಿಕ್ಕಿಕೊಂಡ ಒಂದು ಬೀದಿ. ಒಂದು ತುದಿಗೆ ಬಾಮೈದನ ಗ್ಯಾರೇಜು, ಇನ್ನೊಂದು ತುದಿಗೆ ಹಾರ್ನಣ್ಣನ ಹೆಂಡತಿಯ ಬೂಟು ರಿಪೇರಿ ಅಂಗಡಿ, ನಡುವೆ ಪೂರ್ತಿ ಹಾರ್ನಣ್ಣನ ಬಾಯಿ. ದೂರದೂರದಿಂದ ಬರುವವರನ್ನು ಜಲ್ಲಿ ರಸ್ತೆಯಲ್ಲಿ ಮೇಲಕ್ಕೆ ಒಯ್ದು, ರಸ್ತೆ ಮುಗಿಯುವಲ್ಲಿ ಇಳಿಸಿ, ಅವರು ಗಾಳಿಕಂಡಿಯವರೆಗೆ ನಡೆದು ಹೋಗಿ ಬರುವ ತನಕ ಕಾದು, ಮತ್ತೆ ಕೆಳಗೆ ತರುವುದು ಅವನ ಕೆಲಸ. ಹೋಗುವವರ ಬೂಟನ್ನು ಬಿಗಿ ಮಾಡುವುದು, ಬಂದವರ ಬೂಟಿನಲ್ಲಿ ಹರಿದದ್ದನ್ನು ಹೊಲಿಯುವುದು ಅವಳ ಕೆಲಸ. ಹೀಗೆ ಬೆಟ್ಟಕ್ಕೆ ಹೋಗುವ ಯಾರೇ ಆಗಲಿ, ಗಂಡನ ಕೈಯಿಂದ ಹೆಂಡತಿಯ ಕೈಗೆ, ಹೆಂಡತಿಯ ಕೈಯಿಂದ ಗಂಡನ ಕೈಗೆ ಹಾಯದೆ ಹೋದದ್ದಿಲ್ಲ.

ಹಾರ್ನಣ್ಣನಿಗೆ ರಸ್ತೆ ಮುಗಿಯುವ ಜಾಗದವರೆಗೆ ಗೊತ್ತಿರುವಷ್ಟು ತನ್ನ ಅಂಗೈಯೂ ಗೊತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಒಂದು ಹುಲ್ಲುಕಡ್ಡಿಯೂ ಗೊತ್ತಿರಲಿಲ್ಲ. ಬಂದವರು ಮೇಲೆ ಹತ್ತುವಾಗ ಅವನು ಜೀಪಿನಲ್ಲಿ ಕಾಲು ಚಾಚಿ, ಮುಖದ ಮೇಲೆ ಟೋಪಿ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಊರಿಗೆ ಬಂದು ಮಾತ್ರ, ಕಂಡಿಯ ಆಚೆ ಏನಿದೆ ಎಂದು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಆಚೆ ಕಡೆ ಸಮುದ್ರವಿದೆ. ಸಮುದ್ರದಲ್ಲಿ ಹಡಗುಗಳಿವೆ, ಕಣ್ಣು ಚೆನ್ನಾಗಿದ್ದರೆ ಅವುಗಳ ಹೆಸರನ್ನೂ ಓದಬಹುದು. ಕಂಡಿಯಲ್ಲಿ ಎರಡಾಳೆತ್ತರದ ಕಲ್ಲುಗುಪ್ಪೆಯಿದೆ, ಅದನ್ನು ಕಟ್ಟಿದವನು ಬೇರೆ ಯಾರೂ ಅಲ್ಲ.

ಊರಿಗೆಲ್ಲ ಅವನು ಬಿಟ್ಟ ರೈಲುಗಳಿಗೆ ಲೆಕ್ಕವಿರಲಿಲ್ಲ. ಅವು ಹಳಿ ತಪ್ಪಿದರೂ ಅವನಿಗೆ ಚಿಂತೆಯಿರಲಿಲ್ಲ. ಆದರೆ ಗಾಳಿಕಂಡಿಯ ರೈಲು ಬೇರೆ. ಆ ರೈಲು ಹತ್ತಿಯೇ ಹೆಂಡತಿ ಅವನ ಮನೆಗೆ ಬಂದದ್ದು. ಆಗ ಅಂಗಡಿ ಅವಳ ಅಪ್ಪನದು, ಹಾರ್ನಣ್ಣನಿಗೆ ಮೀಸೆ ಆಗತಾನೇ ಚಿಗುರಿತ್ತು. ಪಕ್ಕದಲ್ಲಿ ಬಾಯಿಬಿಟ್ಟ ಬೂಟೊಂದನ್ನು ಹಿಡಿದು ಅಂಗಡಿಗೆ ಬಂದವನು, ಇದು ಕಂಡಿಯ ಬಂಡೆಗೆ ಸಿಕ್ಕಿ ಹರಿದದ್ದು ಎಂದು ಶುರುಮಾಡಿದ. ಅವಳು ದಬ್ಬಳ ಕೆಳಗಿಟ್ಟಳು. ಅವನು ಸಮುದ್ರ ತಂದ, ಹಡಗು ತಂದ, ಮೋಡಗಳನ್ನು ಕೈಯಿಂದ ಸರಿಸಿದ. ಅವಳು ಗಲ್ಲದ ಮೇಲೆ ಕೈಯಿಟ್ಟು ಕೇಳುತ್ತಲೇ ಇದ್ದಳು. ಆ ವಾರ ಅವನು ಇನ್ನೂ ಮೂರು ಬೂಟು ಹರಿದುಕೊಂಡ. ಎರಡು ಅವನವೂ ಅಲ್ಲ. ಮದುವೆಯಾಯಿತು.

ಆಮೇಲೆ ಪ್ರತಿ ವರ್ಷ ಹಿಮ ಕರಗಿದ ಕೂಡಲೇ ಅವಳು ಒಂದೇ ಮಾತು ಕೇಳುವಳು, ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ. ಅವನು ಒಂದು ವರ್ಷ ಜಾರುಗಲ್ಲು ಎಂದ, ಒಂದು ವರ್ಷ ಕ್ಲಚ್ಚು ಎಂದ, ಇನ್ನೊಂದು ವರ್ಷ ಕಂಡಿಯಲ್ಲಿ ಕರಡಿ ಮರಿ ಹಾಕಿದೆ, ಬಾಣಂತಿಯನ್ನು ಎಬ್ಬಿಸಬಾರದು ಎಂದ. ಕಾಲು ನೋವು ಎಂದ ವರ್ಷ ಅವಳು ಅವನ ಪಾದಕ್ಕೆ ಹದಿನೈದು ದಿನ ಎಣ್ಣೆ ತಿಕ್ಕಿದಳು. ಆ ಎಣ್ಣೆ ಅವನಿಗೆ ಇವತ್ತಿಗೂ ಸುಡುತ್ತದೆ.

ಈ ವರ್ಷ ಬೂಟಂಗಡಿಯ ಮಾಡು ಬಿಚ್ಚಿ ಹೊಸದು ಹೊದಿಸುತ್ತಿದ್ದರು. ಅವಳಿಗೆ ಕೆಲಸವಿರಲಿಲ್ಲ. ಹಾರ್ನಣ್ಣ ಬಾಮೈದನಿಗೆ ಶಿಖರ ಸರಿಸಿದ ಕಥೆ ಹೇಳಿ ಮುಗಿಸುವ ಹೊತ್ತಿಗೆ ಅವಳು ಬೆನ್ನಿಗೆ ಚೀಲ ಹಾಕಿಕೊಂಡು, ತಾನೇ ಹೊಲಿದ ಹೊಸ ಬೂಟು ಮೆಟ್ಟಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು.

"ಕ್ಲಚ್ಚು..." ಎಂದ ಹಾರ್ನಣ್ಣ.

"ಕ್ಲಚ್ಚು ಬೆಣ್ಣೆ ಥರ ಇದೆ ಭಾವ" ಎಂದವು ಪಾದಗಳು. "ಅಕ್ಕ ನಿನ್ನೆಯೇ ಹೇಳಿ ನೋಡಿಸಿದ್ಲು."

ತಾನು ತೋಡಿದ ಗುಂಡಿಯಲ್ಲಿ ತಾನೇ ಬಿದ್ದವನು ಮೇಲೆ ನೋಡುವ ಹಾಗೆ ಹಾರ್ನಣ್ಣ ಬೆಟ್ಟದ ಕಡೆ ನೋಡಿದ. ಮೋಡದ ಒಂದು ಚೂರೂ ಇರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಅವತ್ತು ಅದು ದೂರದಿಂದಲೇ ಗರಗಸದ ಹಾಗೆ ಕಂಡಿತು. ಹೋದರೆ ಇವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ, ಆ ಬೂಟಂಗಡಿಯ ಸಂಜೆಯಿಂದ ಇಲ್ಲಿಯವರೆಗೆ ಕಟ್ಟಿಕೊಂಡದ್ದರ ಅಡಿಪಾಯವೇ ಬುರುಡೆ ಎಂದಾಗುತ್ತದೆ. ಅವನು ಗಾಡಿ ಶುರುಮಾಡಿದ.

ಡಾಂಬರು ಮುಗಿದು ಜಲ್ಲಿ ಶುರುವಾಗುವಲ್ಲಿ ಅವನು ಇಳಿದು ನಾಲ್ಕೂ ಟೈರುಗಳ ಗಾಳಿ ಅರ್ಧ ಇಳಿಸಿದ. ಗಟ್ಟಿ ಟೈರು ಜಲ್ಲಿಯ ಮೇಲೆ ಕುಣಿಯುತ್ತದೆ, ಮೆತ್ತನೆಯದು ತಬ್ಬಿಕೊಳ್ಳುತ್ತದೆ ಎಂದು ಅವಳಿಗೆ ವಿವರಿಸಿದ. ಹಾಗೆಯೇ ಬದಿಯ ಗುಡ್ಡೆಯಿಂದ ಎರಡು ಬಾಂಡ್ಲಿ ಜಲ್ಲಿ ಹಿಂದೆ ತುಂಬಿಕೊಂಡ. ಆ ರಸ್ತೆಯ ಚಾಲಕರೆಲ್ಲ ಹಾಗೆಯೇ. ವರ್ಷವಿಡೀ ಚಕ್ರಕ್ಕೆ ಸಿಕ್ಕಿ ಜಲ್ಲಿ ಕೆಳಗೆ ಜಾರುತ್ತದೆ, ಹತ್ತುವ ಪ್ರತಿ ಗಾಡಿಯೂ ಒಂದಿಷ್ಟನ್ನು ಹೊತ್ತು ಮೇಲಿನ ತಿರುವಿನ ಗುಂಡಿಗೆ ಸುರಿಯಬೇಕು. "ಬೆಟ್ಟ ರಸ್ತೆಯನ್ನ ಇಳಿಸ್ತಾ ಇರುತ್ತೆ, ನಾವು ಹತ್ತಿಸ್ತಾ ಇರ್ತೀವಿ" ಎಂದ. ಇದು ಸುಳ್ಳಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಸ್ಟೇರಿಂಗ್ ಹಿಡಿದ ಹಾರ್ನಣ್ಣ ರಾಜ. ಅಲ್ಲಿ ತಿರುವುಗಳು ಎಷ್ಟು ಬಿಗಿಯೆಂದರೆ ಜೀಪಿನ ಮೂತಿ ಎಷ್ಟೋ ಸಲ ತನ್ನದೇ ಬಾಲವನ್ನು ನೋಡಿ, ಯಾರೋ ಎದುರಿಗೆ ಬಂದರೆಂದು ಹಾರ್ನ್ ಹೊಡೆದಿದೆ. ಚಕ್ರದ ಕೆಳಗೆ ಜಲ್ಲಿ ಕಟಕಟ ಹಲ್ಲು ಕಡಿಯುತ್ತಿತ್ತು. ಬಲಗಡೆ ಬಂಡೆಯ ಪದರಗಳು ಮಡಚಿಟ್ಟ ಕಂಬಳಿಗಳ ಹಾಗೆ, ಕೆಂಪು, ಬೂದಿ, ಮತ್ತೆ ಕೆಂಪು. ಯಾವುದೋ ಕೈ ಅವನ್ನು ಎಳೆದು ನಡುವೆ ಗಂಟು ಹಾಕಿ ಬಿಟ್ಟಂತಿತ್ತು. ಎಡಗಡೆ ಏನೂ ಇಲ್ಲ. ಏನೂ ಇಲ್ಲದ್ದರ ತಳದಲ್ಲಿ ನದಿ, ಬೂಟು ಹೊಲಿಯುವ ದಾರದಷ್ಟು ತೆಳ್ಳಗೆ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗೆ ನೋಡಿದಳು, ಮೇಲೆ ನೋಡಿದಳು, ಕುತ್ತಿಗೆ ಸಾಲದೆ ಮತ್ತೂ ಹೊರಗೆ ಬಾಗಿದಳು. ಪ್ರತಿ ತಿರುವಿಗೂ ಹೊಸದೊಂದು ಶಿಖರ ಹಳೆಯದರ ಭುಜದ ಮೇಲಿಂದ ಇಣುಕುತ್ತಿತ್ತು. ದಿನವೂ ನೋಡುವ ಹಾರ್ನಣ್ಣನೂ ಮಾತು ಮರೆತು ಎರಡು ತಿರುವು ಹಾಗೇ ಓಡಿಸಿದ. ಮೂರನೆಯದರಲ್ಲಿ ಎಚ್ಚೆತ್ತು, ಆ ಶಿಖರದ ಮೂಗು ಮುರಿದದ್ದು ತನ್ನ ಬಂಪರಿಗೆ ತಾಗಿ ಎಂದ.

ರಸ್ತೆ ಮುಗಿಯಿತು. ಅಂದರೆ ನಿಜವಾಗಿಯೂ ಮುಗಿಯಿತು: ಜಲ್ಲಿಯ ಕೊನೆಯ ಗೆರೆ, ಗಾಡಿ ತಿರುಗಿಸುವಷ್ಟು ಬಯಲು, ಆಮೇಲೆ ಹುಲ್ಲು. ಹಾರ್ನಣ್ಣನಿಗೆ ಗೊತ್ತಿದ್ದದ್ದೂ ಅಲ್ಲಿಗೆ ಮುಗಿಯಿತು. ಆದರೂ ಬಾಯಿಗೆ ಬೀಗವಿಲ್ಲವಲ್ಲ. ಬೂಟಿನ ಲೇಸುಗಳನ್ನು ಬಿಚ್ಚಿ ಸಡಿಲ ಮಾಡಿ, ಅಡಿಗೆ ಕಲ್ಲಿದ್ದಾಗ ಹಿಡಿತ ಬರಬೇಕಾದರೆ ಮೆತ್ತಗಿರಬೇಕು, ಟೈರಾದರೇನು ಬೂಟಾದರೇನು ಎಂದ. ಅವಳು ಒಂದು ಕ್ಷಣ ಅವನ ಪಾದ ನೋಡಿದಳು. ತನ್ನ ಲೇಸುಗಳನ್ನು ಮಾತ್ರ ಬಿಗಿಯಾಗಿ ಕಟ್ಟಿಕೊಂಡು ಎದ್ದಳು.

ಹುಲ್ಲಿನಲ್ಲಿ ದಾರಿ ಮೂರಾಗಿ ಒಡೆಯಿತು. ಹಾರ್ನಣ್ಣ ಎಲ್ಲಕ್ಕಿಂತ ಅಗಲವಾದದ್ದನ್ನು ಹಿಡಿದು ಧಿಮಾಕಿನಿಂದ ಮುಂದೆ ನಡೆದ. ಗಾಡಿಯವನ ಬುದ್ಧಿ, ಅಗಲವಿದ್ದದ್ದೇ ರಸ್ತೆ. ಅದು ಆಡುಗಳು ನೀರಿಗಿಳಿಯುವ ದಾರಿ. ಕೆಸರು ಮೊಣಕಾಲಿಗೆ ಬಂದಾಗ ತಿರುಗಿ ನೋಡಿದರೆ, ಅವಳು ಕವಲಿನಲ್ಲೇ ಕುಳಿತು ನೆಲ ನೋಡುತ್ತಿದ್ದಳು. ಎಲ್ಲಕ್ಕಿಂತ ಕಿರಿದಾದ ದಾರಿಯ ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆಯ ಗುರುತು, ಬೆರಳಿನ ಹತ್ತಿರ ಮೂರು ಅಡ್ಡಗೆರೆ. "ಇದು ನಾನು ಹಾಕಿದ ಅಟ್ಟೆ" ಎಂದಳು. ಕಳೆದ ವಾರ ಬಂದಿದ್ದ ಉದ್ದನೆಯ ಫೋಟೋಗ್ರಾಫರ್‌ನದು. ಅದರ ಪಕ್ಕದ ಚಿಕ್ಕದು ಹಲ್ಲಿನ ಡಾಕ್ಟರಮ್ಮನದು, ಹಿಮ್ಮಡಿ ಸವೆದಿದೆ, ಮತ್ತೆ ಅಂಗಡಿಗೆ ಬರುತ್ತಾರೆ.

ನೀನು ಕಂಡುಹಿಡಿಯುತ್ತೀಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದೆ ಎಂದ ಹಾರ್ನಣ್ಣ, ಕೆಸರು ಕೊಡವುತ್ತ. ಅಲ್ಲಿಂದ ಮುಂದೆ ಅವಳು ಮುಂದೆ, ಅವನು ಹಿಂದೆ.

ಹುಲ್ಲು ಮುಗಿದು ಕಲ್ಲು ಶುರುವಾಯಿತು. ಗಾಡಿಯಿಂದ ಗುಡ್ಡದಂತೆ ಕಾಣುತ್ತಿದ್ದದ್ದು ನಡೆಯುವವನಿಗೆ ಲೋಕವಾಗಿ ಬೆಳೆಯಿತು. ಇನ್ನೇನು ಬಂತು ಎಂದು ಹತ್ತಿದ ಏರು, ಇನ್ನೊಂದು ಏರಿನ ಕಾಲ್ಬೆರಳಾಗಿತ್ತು. ಮನೆಯಷ್ಟು ದೊಡ್ಡ ಬಂಡೆಗಳು ಮೇಲಿಂದ ಉರುಳಿ ಬಂದು, ಯಾರೋ ಕರೆದಂತೆ ಅಲ್ಲಲ್ಲೇ ನಿಂತುಬಿಟ್ಟಿದ್ದವು. ಎಲ್ಲಿಯೋ ಮಂಜುಗಡ್ಡೆ ಬಿರಿದ ಸದ್ದು ಗುಡುಗಿನಂತೆ ಬಂದು, ಗುಡುಗಿಗಿಂತ ತಡವಾಗಿ ಆರಿತು. ಸಡಿಲ ಬೂಟಿನೊಳಗೆ ಹಾರ್ನಣ್ಣನ ಪಾದ ಹಿಂದೆ ಮುಂದೆ ಓಡಾಡಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಅದು ಇಡೀ ಬೆಟ್ಟಸಾಲಿನಲ್ಲಿ ಎರಡನೆಯ ಅತಿ ಎತ್ತರದ ಗುಡ್ಡವಾಗಿತ್ತು. ಅವಳು ಒಂದು ಕಲ್ಲಿನ ಮೇಲೆ ಅವನನ್ನು ಕೂರಿಸಿ, ಬಟ್ಟೆಯ ತುಂಡು ಸುತ್ತಿ, ಲೇಸನ್ನು ತಾನೇ ಎಳೆದು ಕಟ್ಟಿದಳು. ಅವಳು ಏನಾದರೂ ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಆ ಅಂಚು ಬಂತು.

ಬಂಡೆಯ ಗೋಡೆಗೆ ಅಂಟಿಕೊಂಡು ಒಂದು ಬೆಂಚಿನಷ್ಟು ಅಗಲದ ದಾರಿ, ಮುಂದೆ ಮೂಲೆ ತಿರುಗಿ ಕಾಣೆಯಾಗುತ್ತಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಗಾಳಿ. ಇದೇ ಅಂಚಿನಲ್ಲಿ ಗಾಡಿಯನ್ನಾದರೆ ಹಾರ್ನಣ್ಣ ಒಂದು ಕೈಯಲ್ಲಿ ಓಡಿಸುತ್ತಿದ್ದ. ಅವನಿಗೆ ನಂಬಿಕೆಯಿಲ್ಲದ್ದು ತನ್ನ ಎರಡು ಕಾಲುಗಳ ಮೇಲೆ. ಅವನು ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಇಲ್ಲಿಂದ ತಿರುಗಿ ಹೋಗಬಹುದು. ಇಂದು ಗಾಳಿ ಸರಿಯಿಲ್ಲ ಎನ್ನಬಹುದು. ಸುಳ್ಳು ತುಟಿಯವರೆಗೂ ಬಂದು ನಿಂತಿತ್ತು. ಅವಳು ಅಂಚಿನ ನಡುವೆ ನಿಂತು ತಿರುಗಿ ನೋಡಿದಳು. ಆ ಮುಖದಲ್ಲಿ ಅಂದು ಬೂಟಂಗಡಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದವಳು ಇನ್ನೂ ಇದ್ದಳು.

"ಬಲಗೈ ಬಂಡೆ ಮೇಲಿಡಿ" ಎಂದಳು. "ಫಸ್ಟ್ ಗೇರಲ್ಲೇ ಬನ್ನಿ. ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ."

ಅವನು ಎದ್ದ. ಫಸ್ಟ್ ಗೇರಿಗಿಂತ ಕೆಳಗೆ ಒಂದು ಗೇರಿದ್ದರೆ ಅದರಲ್ಲಿ ನಡೆದ. ಬಂಡೆ ಕೈಗೆ ತಣ್ಣಗೆ, ಒರಟಾಗಿ ಸಿಕ್ಕುತ್ತಿತ್ತು. ಮೂಲೆ ಹತ್ತಿರ ಬಂದಾಗ, ಆಚೆ ಕಾಣದ ತಿರುವು ಎಂದ ಕೂಡಲೇ ಹಳೆಯ ಚಾಳಿ, ಕೈ ಸ್ಟೇರಿಂಗ್ ಹುಡುಕಿತು. ಸಿಗದೆ ಬಾಯಿಯೇ "ಪೋಂ" ಎಂದುಬಿಟ್ಟಿತು.

ಅವಳು ನಗಬೇಕು ಅನ್ನುವಷ್ಟರಲ್ಲಿ ಬೆಟ್ಟ ಉತ್ತರ ಕೊಟ್ಟಿತು. ಎದುರಿನ ಗೋಡೆಯಿಂದ ಒಂದು ಪೋಂ, ಅದರಾಚೆಯ ಗೋಡೆಯಿಂದ ಇನ್ನೊಂದು, ಮತ್ತೂ ಆಚೆ ಕಣ್ಣಿಗೆ ಕಾಣದ ಗೋಡೆಗಳಿಂದ ಒಂದರ ಹಿಂದೊಂದು, ಪ್ರತಿಯೊಂದೂ ಹಿಂದಿನದಕ್ಕಿಂತ ಆಳವಾಗಿ. ಯಾರದೋ ದೊಡ್ಡ ಗಾಡಿ, ಯಾವುದೋ ದೊಡ್ಡ ರಸ್ತೆಯಲ್ಲಿ, ಯಾವತ್ತೋ ಹೊರಟು ಇನ್ನೂ ಬರುತ್ತಲೇ ಇದೆ ಎಂಬ ಹಾಗೆ. ಹಾರ್ನಣ್ಣ ತನಗೆ ಗೊತ್ತಿಲ್ಲದೆಯೇ ಗೋಡೆಗೆ ಒತ್ತಿ, ಬದಿಗೆ ಸರಿದು, ದಾರಿ ಬಿಟ್ಟ.

ಮೂಲೆ ತಿರುಗಿದರೆ ಗಾಳಿಕಂಡಿ.

ಹಡಗಿರಲಿಲ್ಲ. ಸಮುದ್ರವಿರಲಿಲ್ಲ. ಎರಡಾಳೆತ್ತರದ ಕಲ್ಲುಗುಪ್ಪೆಯ ಜಾಗದಲ್ಲಿ ಮೊಣಕಾಲೆತ್ತರದ ನಾಲ್ಕು ಕಲ್ಲುಗಳಿದ್ದವು. ಅವುಗಳಾಚೆ ಬೆಟ್ಟಗಳು. ಅವನು ಇಷ್ಟು ದಿನ ಬೆಟ್ಟ ಎಂದು ಕರೆಯುತ್ತಿದ್ದದ್ದು ಬೆಟ್ಟದ ಮನೆಯ ಹೊಸ್ತಿಲು ಮಾತ್ರ ಎಂದು ಆಗ ತಿಳಿಯಿತು. ಸಾಲಿನ ಹಿಂದೆ ಸಾಲು, ಕರಿಯದರ ಹಿಂದೆ ನೀಲಿ, ನೀಲಿಯ ಹಿಂದೆ ತೆಳುನೀಲಿ, ಕೊನೆಗೆ ಬೆಟ್ಟ ಯಾವುದು ಆಕಾಶ ಯಾವುದು ಎಂದು ಹೇಳಲಾರದಂಥ ಒಂದು ಬಣ್ಣ. ಒಂದು ಮೋಡದ ನೆರಳು ಕಣಿವೆಯೊಳಗೆ ಹೊರಟಿತ್ತು. ಅವರು ನೋಡುತ್ತಿದ್ದ ಅಷ್ಟೂ ಹೊತ್ತು ನಡೆದು ಅದು ಒಂದು ಇಳಿಜಾರನ್ನು ಮಾತ್ರ ದಾಟಿತು. ಅವರ ಕಾಲ ಕೆಳಗೆ, ತೀರಾ ಕೆಳಗೆ, ಒಂದು ಹದ್ದು ರೆಕ್ಕೆ ಬಿಚ್ಚಿ ತೇಲುತ್ತಿತ್ತು. ಹಾರ್ನಣ್ಣ ಬದುಕಿನಲ್ಲಿ ಮೊದಲ ಸಲ ಹದ್ದಿನ ಬೆನ್ನು ನೋಡಿದ. ಬಿಸಿಲಿಗೆ ಅದು ಚಿನ್ನದ ಬಣ್ಣಕ್ಕಿತ್ತು. ಆ ಹದ್ದಿನ ಕೆಳಗೆ, ಚುಕ್ಕೆಯಷ್ಟಾಗಿ, ಇನ್ನೊಂದು ಹದ್ದು ತೇಲುತ್ತಿತ್ತು.

ಗಾಳಿ ಕಂಡಿಯೊಳಗೆ ನುಗ್ಗಿ ಅವರ ಬಟ್ಟೆ ಹಿಡಿದೆಳೆದು, ನಿಂತಿತು. ಆಗ ಎಂಥ ನಿಶ್ಶಬ್ದವೆಂದರೆ ಅದಕ್ಕೆ ತೂಕವಿತ್ತು.

ಅವಳು ಕೇಳಿದಳು, "ಸಮುದ್ರ ಎಲ್ಲಿ ರೀ?"

ಹಾರ್ನಣ್ಣನ ಬಾಯಿ ಅವನನ್ನು ಕೇಳದೆಯೇ ಉತ್ತರಿಸಿತು. "ಇವತ್ತು ಇಳಿತ ಇದೆ."

ಅವಳು ನಕ್ಕಳು. ಜೋರಾಗಿ ಅಲ್ಲ. ಕಲ್ಲುಗುಪ್ಪೆಯ ಪಕ್ಕ ಕುಳಿತು ಅವನ ಕೈ ಎಳೆದು ಕೂರಿಸಿಕೊಂಡು, ಕಣಿವೆಯ ಕಡೆ ನೋಡುತ್ತ ಹೇಳತೊಡಗಿದಳು. ಅಂಗಡಿಗೆ ಎಷ್ಟೋ ಜನ ಇಲ್ಲಿಂದ ಇಳಿದು ಬಂದಿದ್ದಾರೆ. ಬೂಟು ಬಿಚ್ಚಿ ಕೊಡುವಾಗ ಮೇಲೆ ಹೇಗಿತ್ತು ಎಂದು ಅವಳು ಎಲ್ಲರನ್ನೂ ಕೇಳಿದ್ದಾಳೆ. ಎಲ್ಲರೂ ಬಾಯಿ ತೆರೆಯುತ್ತಾರೆ, ಕೈ ಎತ್ತುತ್ತಾರೆ, ಆಮೇಲೆ ಕೈ ಇಳಿಸಿ, ನೀವೇ ಒಂದು ಸಲ ಹೋಗಿ ಬನ್ನಿ ಎನ್ನುತ್ತಾರೆ. ಆ ಫೋಟೋಗ್ರಾಫರ್ ಅಂತೂ ಸುಮ್ಮನೆ ಅತ್ತುಬಿಟ್ಟ. "ಇಲ್ಲಿಗೆ ಬಂದು ಹೋದೋರು ಒಬ್ಬರೂ ಒಂದು ಮಾತು ಪೂರ್ತಿ ಹೇಳಿದ್ದಿಲ್ಲ. ನೀವು ಒಬ್ಬರೇ ಗಂಟೆಗಟ್ಟಲೆ ಹೇಳ್ತಾ ಇದ್ದಿದ್ದು."

ಇಂಗು ತಿಂದ ಮಂಗನ ಹಾಗೆ ಕುಳಿತ ಹಾರ್ನಣ್ಣ. "ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ. ಕಲ್ಲಿಗೆ ಎಡವಿದ ಬೂಟು ಮೂತಿಯಲ್ಲಿ ಹರಿಯುತ್ತೆ. ನಿಮ್ಮದು ಪಕ್ಕದಲ್ಲಿ ಹರಿದಿತ್ತು, ಜೀಪಿನ ಬಾಗಿಲಿಗೆ ಸಿಕ್ಕಿ. ಬಾಗಿಲಿನ ಬಣ್ಣಾನೂ ಹತ್ತಿತ್ತು."

ಅಡಿಪಾಯ ಕುಸಿಯಬೇಕಾದ ಗಳಿಗೆ ಅದು. ಕುಸಿಯಲಿಲ್ಲ. ಹಾರ್ನಣ್ಣ ಕಾಲಡಿ ಒತ್ತಿ ನೋಡಿದ, ಗಟ್ಟಿಯಾಗಿಯೇ ಇತ್ತು. ಹಾಗಿದ್ದ ಮೇಲೆ ಮದುವೆಗೆ ಯಾಕೆ ಒಪ್ಪಿಕೊಂಡೆ ಎಂದು ಕೇಳಿದ, ತನಗೇ ಕೇಳದಷ್ಟು ಮೆಲ್ಲಗೆ.

"ನೋಡದೇನೇ ಇಷ್ಟು ಹೇಳೋನು, ನಿಜವಾಗಿ ನೋಡಿದ್ರೆ ಏನು ಹೇಳ್ತಾನೆ ಅಂತ ಕೇಳಬೇಕಿತ್ತು." ಅವಳು ಅವನ ಕಡೆ ತಿರುಗಿ, ಗಲ್ಲದ ಮೇಲೆ ಕೈಯಿಟ್ಟಳು. "ಈಗ ಹೇಳಿ."

ಹಾರ್ನಣ್ಣ ಬಾಯಿ ತೆರೆದ. ಕೈ ಎತ್ತಿದ. ಸಾಲಿನ ಹಿಂದಿನ ಸಾಲಿಗೆ, ಹದ್ದಿನ ಬೆನ್ನಿಗೆ, ಇನ್ನೂ ಕಣಿವೆ ದಾಟುತ್ತಿದ್ದ ಆ ನೆರಳಿಗೆ ಹೊಂದುವಷ್ಟು ದೊಡ್ಡ ಸುಳ್ಳನ್ನು ಹುಡುಕಿದ. ಇಡೀ ಊರಿನ ಸುಳ್ಳುಗಳನ್ನೆಲ್ಲ ಒಟ್ಟು ಮಾಡಿದರೂ ಸಾಲುವಂತಿರಲಿಲ್ಲ. ತಾನು ಇಷ್ಟು ವರ್ಷ ಕೊಚ್ಚಿಕೊಂಡದ್ದೆಲ್ಲ ಎಷ್ಟು ಚಿಕ್ಕದು, ಎಂಥ ಜಿಪುಣತನದ ಬುರುಡೆ ಎಂದು ಮೊದಲ ಸಲ ನಾಚಿಕೆಯಾಯಿತು. ಅವನು ಕೈ ಇಳಿಸಿದ.

"ಬರಲ್ಲ ಕಣೇ" ಎಂದ. "ಹೇಳೋಕೆ ಬರ್ತಿಲ್ಲ."

ಅವಳು ಗಲ್ಲದ ಮೇಲಿನ ಕೈ ತೆಗೆಯಲಿಲ್ಲ.

"ನಾನು ಬಂದಿರಲಿಲ್ಲ. ಒಂದೇ ಒಂದು ಸಲ ಹೊರಟಿದ್ದೆ, ಮೀಸೆ ಬರೋಕೆ ಮುಂಚೆ. ಯಾರದೋ ಬೆನ್ನ ಹಿಂದೆ, ದಾರಿ ನೋಡದೆ, ಆ ಅಂಚಿನವರೆಗೂ ಬಂದೆ. ನಿಲ್ಲೋಕೆ ಆಗಲಿಲ್ಲ, ಅಂಬೆಗಾಲಿಟ್ಕೊಂಡು ಹುಲ್ಲಿನವರೆಗೂ ವಾಪಸ್ ಹೋದೆ. ಆಮೇಲೆ ಜೀಪಿಂದ ಇಳಿಯಲೇ ಇಲ್ಲ. ಹೆದರಿಕೆ. ಶಿಖರ ಗಿಖರ ಏನೂ ಸರೀಲಿಲ್ಲ ಕಣೇ. ಇವು ಯಾವತ್ತಿಂದಲೋ ಹೀಗೇ ನಿಂತಿವೆ. ನಾನು ಹಾರ್ನ್ ಹೊಡೆದಿದ್ದು ಕೆಳಗೆ, ಒಂದು ಆಡಿಗೆ. ಅದೂ ಸರೀಲಿಲ್ಲ."